ಶಾಪ ಕೊಟ್ಟವಳ ಕಡೆಯಿಂದ ಕಥೆ ಹೇಳಬೇಕಾ?

ಹಳೆಯ ಕಿನ್ನರ ಕಥೆಗಳನ್ನು ತೆಗೆಯುವ ಈಗಿನ ಸಿನಿಮಾದವರಿಗೆ ಒಂದು ಚಾಳಿ ಅಂಟಿಕೊಂಡಿದೆ. ಮಾಟಗಾತಿ ಹುಟ್ಟಾ ಕೆಟ್ಟವಳಲ್ಲ, ಅವಳಿಗೆ ಯಾರೋ ಮೋಸ ಮಾಡಿದ್ದರು ಅಂತ ತೋರಿಸುವುದು. 2014ರಲ್ಲಿ ಡಿಸ್ನಿ ಸಂಸ್ಥೆ ತೆಗೆದ ‘ಮೆಲಿಫಿಸೆಂಟ್’ ಇಂಥದ್ದೇ. ಕದಿರು ಚುಚ್ಚಿಕೊಂಡು ನಿದ್ದೆಗೆ ಜಾರುವ ರಾಜಕುಮಾರಿಯ ಕಥೆಯನ್ನು ಅದು ಶಾಪ ಕೊಟ್ಟವಳ ಕಡೆಯಿಂದ ಹೇಳುತ್ತದೆ. ಹೀಗೆ ಹೇಳುವುದು ಸರಿಯಾ? ಎರಡೂ ಕಡೆಯ ವಾದವನ್ನು ನಾನೇ ಮಾಡಿದ್ದೇನೆ. ಯಾವ ಕಡೆ ವಾಲಿದ್ದೇನೆ ಅಂತ ಮುಚ್ಚಿಡಲು ಹೋಗಿಲ್ಲ.

ಪರ: ಹೇಳಲಿ ಬಿಡಿ

‘ಮೂಲ ಕಥೆ ಕೆಡಿಸಿದರು’ ಅನ್ನುವವರನ್ನು ಮೊದಲು ಒಂದು ಮಾತು ಕೇಳಬೇಕು. ಯಾವ ಮೂಲ?

ಇಟಲಿಯ ಬಸೀಲೆಯ ಕಥಾಸಂಗ್ರಹ ಅಚ್ಚಾಗಿದ್ದು 1630ರ ದಶಕದಲ್ಲಿ. ಅದರಲ್ಲಿ ಹುಡುಗಿಯ ಬೆರಳಿಗೆ ಅಗಸೆ ನಾರಿನ ಸಿಬಿರು ಚುಚ್ಚುತ್ತದೆ. ಅಲ್ಲಿಗೆ ಬರುವ ರಾಜನಿಗೆ ಆಗಲೇ ಮದುವೆಯಾಗಿದೆ. ಪ್ರಜ್ಞೆ ಇಲ್ಲದೆ ಬಿದ್ದಿರುವವಳ ಮೇಲೆ ಅತ್ಯಾಚಾರ ಮಾಡಿ ಹೊರಟು ಹೋಗುತ್ತಾನೆ. ಅವಳಿಗೆ ನಿದ್ದೆಯಲ್ಲೇ ಅವಳಿ ಮಕ್ಕಳಾಗುತ್ತವೆ. ಅದರಲ್ಲೊಂದು ಮಗು ಮೊಲೆ ಸಿಗದೆ ಬೆರಳು ಚೀಪುವಾಗ ಸಿಬಿರು ಹೊರಗೆ ಬಂದು ಅವಳಿಗೆ ಎಚ್ಚರವಾಗುತ್ತದೆ. ಮುತ್ತೂ ಇಲ್ಲ, ಏನೂ ಇಲ್ಲ. ಫ್ರಾನ್ಸಿನ ಪೆರೋ 1697ರಲ್ಲಿ ಇದನ್ನು ತೊಳೆದು ಅಚ್ಚುಕಟ್ಟು ಮಾಡಿದ. ಅವನ ರಾಜಕುಮಾರ ಮಂಚದ ಹತ್ತಿರ ಮಂಡಿಯೂರುತ್ತಾನೆ, ಅಷ್ಟೇ. ಶಾಪದ ನೂರು ವರ್ಷ ತುಂಬಿರುತ್ತದೆ, ಅವಳು ತಾನಾಗಿಯೇ ಏಳುತ್ತಾಳೆ. ನಮಗೆಲ್ಲ ಗೊತ್ತಿರುವ ಮುತ್ತು ಬಂದಿದ್ದು 1812ರ ಗ್ರಿಮ್ ಸೋದರರ ಪುಸ್ತಕದಲ್ಲಿ. ಶಾಪ ಕೊಟ್ಟವಳಿಗೆ ‘ಮೆಲಿಫಿಸೆಂಟ್’ ಅಂತ ಹೆಸರು ಬಿದ್ದಿದ್ದು ಇನ್ನೂ ಈಚೆಗೆ, 1959ರ ಡಿಸ್ನಿ ಕಾರ್ಟೂನಿನಲ್ಲಿ. ಪ್ರತಿಯೊಬ್ಬರೂ ತಮ್ಮ ಕಾಲಕ್ಕೆ ಬೇಕಾದಂತೆ ತಿದ್ದಿದ್ದಾರೆ. 2014ರವರು ತಿದ್ದಿದರೆ ಮಾತ್ರ ತಪ್ಪಾ?

ಇನ್ನು ಅವರು ತಿದ್ದಿದ್ದಾದರೂ ಏನು? ಇಲ್ಲಿ ಮೆಲಿಫಿಸೆಂಟ್ ರೆಕ್ಕೆಯಿರುವ ಕಿನ್ನರಿ. ಮುಂದೆ ರಾಜಕುಮಾರಿಯ ಅಪ್ಪನಾಗುವ ಸ್ಟೀಫನ್ ಅನ್ನುವವನು ಹಳೆಯ ಗೆಳೆತನದ ಹೆಸರು ಹೇಳಿಕೊಂಡು ಅವಳ ಹತ್ತಿರ ಬರುತ್ತಾನೆ. ಕುಡಿಯಲು ಕೊಟ್ಟು ಅವಳನ್ನು ಮಲಗಿಸುತ್ತಾನೆ. ಕೊಲ್ಲಲು ಕತ್ತಿ ಎತ್ತಿದವನಿಗೆ ಕೈ ಬರುವುದಿಲ್ಲ. ಬದಲಿಗೆ ಅವಳ ರೆಕ್ಕೆ ಕತ್ತರಿಸಿಕೊಂಡು ಹೋಗಿ, ಅದನ್ನೇ ತೋರಿಸಿ ರಾಜನಾಗುತ್ತಾನೆ. ಬೆಳಿಗ್ಗೆ ಎದ್ದು ಬೆನ್ನು ಮುಟ್ಟಿ ನೋಡಿಕೊಂಡ ಅವಳು ಕಿರುಚುವ ಕಿರುಚಾಟ ಕಿವಿಯಿಂದ ಬೇಗ ಹೋಗುವುದಿಲ್ಲ. ಈ ದೃಶ್ಯ ಅತ್ಯಾಚಾರದ ರೂಪಕ ಅನ್ನುವುದು ಬರೆಯುವಾಗಲೇ ನಮಗೆ ಗೊತ್ತಿತ್ತು ಅಂತ ಆ ಪಾತ್ರ ಮಾಡಿದ ಆಂಜೆಲಿನಾ ಜೋಲಿ ಬಿಬಿಸಿ ರೇಡಿಯೋದಲ್ಲಿ ಹೇಳಿದ್ದರು. ಬಸೀಲೆಯಲ್ಲಿದ್ದ ಹಿಂಸೆಯನ್ನು ಪೆರೋ, ಗ್ರಿಮ್, ಡಿಸ್ನಿ ಮೂವರೂ ಚಾಪೆಯಡಿ ತಳ್ಳಿದ್ದರು. ಅದು ಬೇರೆ ವೇಷದಲ್ಲಿ ಮತ್ತೆ ಎದುರಿಗೆ ಬಂದು ನಿಂತಿದೆ, ಈ ಸಲ ಹಿಂಸೆ ಅಂತಲೇ ಕರೆಸಿಕೊಂಡು. ಕೊನೆಗೆ ರಾಜಕುಮಾರಿ ಅರೋರಾಳನ್ನು ಎಬ್ಬಿಸುವುದೂ ರಾಜಕುಮಾರನಲ್ಲ. ಒಂದು ಸಲ ನೋಡಿದ ಹುಡುಗ ಕೊಟ್ಟ ಮುತ್ತಿಗೆ ಅವಳು ಏಳುವುದಿಲ್ಲ. ಹದಿನಾರು ವರ್ಷ ಮರೆಯಲ್ಲಿ ನಿಂತು ಅವಳನ್ನು ಕಾದ ಮೆಲಿಫಿಸೆಂಟ್ ಹಣೆಗೆ ಮುತ್ತಿಟ್ಟಾಗ ಏಳುತ್ತಾಳೆ. ಬಸೀಲೆಯಲ್ಲಿ ಮಗು ತಾಯಿಯನ್ನು ಎಬ್ಬಿಸಿತ್ತು, ಇಲ್ಲಿ ಸಾಕುತಾಯಿ ಮಗುವನ್ನು ಎಬ್ಬಿಸಿದಳು. ಹಾಗೆ ನೋಡಿದರೆ ಹೊಸ ಸಿನಿಮಾ ಹಳೆಯದಕ್ಕೇ ಜಾಸ್ತಿ ಹತ್ತಿರ, ಅಲ್ವಾ?

ನಮಗಂತೂ ಇದು ಹೊಸದೇನಲ್ಲ. ತಾಳಮದ್ದಳೆಯಲ್ಲಿ ಕೌರವನ ಅರ್ಥ ಹೇಳುವವರು ಕೃಷ್ಣನನ್ನೇ ಕಟಕಟೆಗೆ ನಿಲ್ಲಿಸುವುದನ್ನು ರಾತ್ರಿಯಿಡೀ ಕೂತು ಕೇಳಿ ತಲೆದೂಗಿದವರು ನಾವು.

ವಿರೋಧ: ಸಾಕು ಮಾಡಿ

ತಾಳಮದ್ದಳೆಯ ಮಾತು ಬಂತಲ್ಲ, ಒಳ್ಳೆಯದೇ ಆಯಿತು. ಅಲ್ಲಿ ಕೌರವ ಕೇಳಿದ್ದಕ್ಕೆ ಕೃಷ್ಣನೂ ಉತ್ತರ ಕೊಡುತ್ತಾನೆ. ಈ ಸಿನಿಮಾದಲ್ಲಿ ಸ್ಟೀಫನ್‌ಗೆ ಆ ಅವಕಾಶವೇ ಇಲ್ಲ. ಹಳೆಯ ಕಥೆಯಲ್ಲಿ ಮಗಳನ್ನು ಉಳಿಸಿಕೊಳ್ಳಲು ರಾಜ್ಯದ ಕದಿರುಗಳನ್ನೆಲ್ಲ ಇಲ್ಲದಂತೆ ಮಾಡಿದ ಪಾಪದ ಅಪ್ಪ ಇಲ್ಲಿ ತಲೆಕೆಟ್ಟ ಖಳನಾಯಕ. ಕಪ್ಪು-ಬಿಳುಪು ಹೋಗಲಿಲ್ಲ, ಬಣ್ಣ ಬಳಿಸಿಕೊಂಡವರು ಬದಲಾದರು, ಅಷ್ಟೇ.

ಅದಕ್ಕಿಂತ ಬೇಜಾರಿನ ವಿಷಯ ರಾಜಕುಮಾರಿಯನ್ನು ಬಚ್ಚಿಟ್ಟು ಸಾಕುವ ಮೂವರು ಕಿನ್ನರಿಯರದು. 1959ರ ಕಾರ್ಟೂನಿನಲ್ಲಿ ನಿಜವಾಗಿ ಕೆಲಸ ಮಾಡುವವರು ಆ ವಯಸ್ಸಾದ ಹೆಂಗಸರೇ. ಸೆರೆಯಲ್ಲಿದ್ದ ರಾಜಕುಮಾರನನ್ನು ಬಿಡಿಸಿ, ಕೈಗೆ ಕತ್ತಿ-ಗುರಾಣಿ ಕೊಟ್ಟು ಕಳಿಸುವವರು ಅವರು. 2014ರಲ್ಲಿ ಅವರೇ ಒಂದು ಕೂಸನ್ನು ಸಾಕಲು ಬಾರದ ಪೆದ್ದಿಯರು. ಒಬ್ಬಳನ್ನು ಮೇಲೆತ್ತಲು ಮೂವರನ್ನು ಕೆಳಗೆ ತಳ್ಳಿದ್ದನ್ನು ಹೆಣ್ಣಿನ ಪರ ಅಂತ ಕರೆಯಲು ನನಗೆ ಬಾಯಿ ಬರಲ್ಲ.

ಶಾಪಕ್ಕೆ ಹಳೆಯ ಕಥೆಯಲ್ಲೂ ಕಾರಣ ಇತ್ತು. ಪೆರೋ ಹೇಳುವುದನ್ನು ಕೇಳಿ. ನಾಮಕರಣದ ಊಟಕ್ಕೆ ಏಳು ಕಿನ್ನರಿಯರನ್ನು ಕರೆದಿದ್ದಾರೆ. ಒಬ್ಬೊಬ್ಬರ ಎದುರಿಗೂ ಒಂದು ಬಂಗಾರದ ಪೆಟ್ಟಿಗೆ, ಒಳಗೆ ವಜ್ರ-ಮಾಣಿಕ್ಯ ಕೂರಿಸಿದ ಚಮಚ, ಫೋರ್ಕು, ಚಾಕು. ಅಷ್ಟರಲ್ಲಿ ಎಂಟನೆಯವಳೊಬ್ಬಳು ಮುದುಕಿ ಬರುತ್ತಾಳೆ. ಐವತ್ತು ವರ್ಷದಿಂದ ಗೋಪುರ ಬಿಟ್ಟು ಹೊರಗೆ ಬಂದಿಲ್ಲ, ಸತ್ತೇ ಹೋಗಿರಬೇಕು ಅಂತ ಕರೆದಿರಲಿಲ್ಲ. ತಟ್ಟೆ ಏನೋ ಹಾಕುತ್ತಾರೆ, ಆದರೆ ಬಂಗಾರದ ಪೆಟ್ಟಿಗೆ ಮಾಡಿಸಿದ್ದು ಏಳೇ. ಮುದುಕಿ ಹಲ್ಲು ಕಚ್ಚಿ ಏನೋ ಗೊಣಗುತ್ತಾಳೆ. ಇಷ್ಟಕ್ಕೇ ಒಂದು ಕೂಸಿಗೆ ಸಾವಿನ ಶಾಪ! ನಮ್ಮ ಕಡೆ ಮದುವೆ ಮನೆಯಲ್ಲಿ ಕಾರ್ಡು ಕೊಡಲು ಮರೆತ ಸೋದರತ್ತೆಯನ್ನು ಕಂಡವರಿಗೆ ಇದು ಅರ್ಥವಾಗದೆ ಇರುತ್ತಾ? ಚಿಕ್ಕ ಅವಮಾನದಿಂದ ಇಷ್ಟು ದೊಡ್ಡ ಕೇಡು ಹುಟ್ಟಬಹುದು ಅನ್ನುವುದೇ ಆ ಕಥೆಯ ಭಯ. ಶಾಪದ ಅಳತೆಗೆ ತಕ್ಕಷ್ಟು ದೊಡ್ಡ ಗಾಯ ತಂದು ಜೋಡಿಸಿದರೆ ಲೆಕ್ಕ ಸರಿಹೋಗುತ್ತದೆ, ಭಯ ಹೋಗುತ್ತದೆ.

ಆ ಊಟದಲ್ಲಿ ಇನ್ನೂ ಒಬ್ಬಳಿದ್ದಾಳೆ. ಮುದುಕಿ ಗೊಣಗಿದ್ದನ್ನು ಪಕ್ಕದಲ್ಲಿದ್ದ ಚಿಕ್ಕ ಕಿನ್ನರಿ ಕೇಳಿಸಿಕೊಂಡಿರುತ್ತಾಳೆ. ಊಟ ಮುಗಿದ ತಕ್ಷಣ ಸುಮ್ನೆ ಎದ್ದು ಹೋಗಿ ಪರದೆಯ ಹಿಂದೆ ನಿಂತುಬಿಡುತ್ತಾಳೆ. ತನ್ನ ವರ ಕೊನೆಗೆ ಉಳಿದಿರಲಿ, ಏನಾದರೂ ಕೆಟ್ಟದಾದರೆ ಸರಿಮಾಡಬಹುದು ಅಂತ. ಶಾಪ ಬಿದ್ದ ಮೇಲೆ ಹೊರಗೆ ಬಂದು ಹೇಳುತ್ತಾಳೆ, ಹಿರಿಯಳು ಮಾಡಿದ್ದನ್ನು ಪೂರ್ತಿ ಅಳಿಸುವ ಶಕ್ತಿ ನನಗಿಲ್ಲ, ಸಾವನ್ನು ನೂರು ವರ್ಷದ ನಿದ್ದೆ ಮಾಡಬಲ್ಲೆ ಅಂತ. ಗ್ರಿಮ್‌ನಲ್ಲಿ ಹನ್ನೆರಡನೆಯವಳು, ಕಾರ್ಟೂನಿನಲ್ಲಿ ಮೂರನೆಯವಳು ಇದೇ ಕೆಲಸ ಮಾಡುತ್ತಾಳೆ. ಯಾರು ಎಷ್ಟೇ ತಿದ್ದಿದರೂ ಇವಳನ್ನು ಕೈಬಿಟ್ಟಿರಲಿಲ್ಲ. 2014ರಲ್ಲಿ ಶಾಪ ಸಡಿಲಿಸುವವಳೂ ಮೆಲಿಫಿಸೆಂಟೇ, ರಾಜ ಮಂಡಿಯೂರಿ ಬೇಡಿಕೊಂಡ ಮೇಲೆ, ಅದೂ ಅವನನ್ನು ಅಣಕಿಸಲು. ಕಾಯುವವಳೂ ಅವಳೇ, ಎಬ್ಬಿಸುವವಳೂ ಅವಳೇ. ಒಬ್ಬಳೇ ನಟಿಗೆ ಎಲ್ಲ ಪಾತ್ರವೂ ಬೇಕಾಯಿತೇನೋ. ಪರದೆಯ ಹಿಂದೆ ನಿಂತವಳಿಗೆ ಜಾಗ ಉಳಿಯಲಿಲ್ಲ.

ಇನ್ನು 2019ರ ಎರಡನೇ ಭಾಗ. ಮಾಟಗಾತಿ ಒಳ್ಳೆಯವಳಾಗಿಬಿಟ್ಟಿದ್ದಾಳೆ, ಕೆಟ್ಟವರು ಯಾರಾದರೂ ಬೇಕಲ್ಲ? ರಾಜಕುಮಾರನ ತಾಯಿಯನ್ನು ತಂದು ನಿಲ್ಲಿಸಿದರು. ಪೆರೋನ ಕಥೆಯ ಕೊನೆಯ ಭಾಗದಲ್ಲೂ ಅತ್ತೆಯೇ ರಾಕ್ಷಸಿ, ಮೊಮ್ಮಕ್ಕಳನ್ನು ಬೇಯಿಸಿ ತಿನ್ನಲು ಹೊರಟವಳು. ಕೊನೆಗೆ ತಾನೇ ಹಾವು-ಕಪ್ಪೆ ತುಂಬಿಸಿಟ್ಟ ಹಂಡೆಗೆ ಹಾರಿ ಸಾಯುತ್ತಾಳೆ. ಸಿನಿಮಾದ ಅತ್ತೆಯನ್ನು ಮೇಕೆ ಮಾಡಿ ಬಿಡುತ್ತಾರೆ, ಪ್ರೇಕ್ಷಕರು ನಗುತ್ತಾರೆ.