ಎಂಬತ್ತು ಸಾವಿರ ಕುರ್ಚಿ ಮತ್ತು ಎಂಟೂವರೆಯ ಕೊನೇ ಬಸ್ಸು

ಆನೇಕಲ್ ತಾಲ್ಲೂಕಿನ ಸೂರ್ಯನಗರದಲ್ಲಿ 80 ಸಾವಿರ ಜನ ಕೂರುವಂತಹ ಕ್ರಿಕೆಟ್ ಕ್ರೀಡಾಂಗಣ ಬರಲಿದೆ ಎಂಬ ಸುದ್ದಿಯನ್ನು ಓದಿದಾಗ ಶಿವಮೊಗ್ಗದ ನಮ್ಮ ಮನೆಯ ಜಗುಲಿಯಲ್ಲಿ ಕುಳಿತಿದ್ದ ನನಗೂ ಎದೆ ಉಬ್ಬಿತು. ನೂರು ಎಕರೆ ಜಾಗ, 1,650 ಕೋಟಿ ರೂಪಾಯಿ, ಅಹಮದಾಬಾದಿನದನ್ನು ಬಿಟ್ಟರೆ ದೇಶದಲ್ಲೇ ದೊಡ್ಡದು, ಜೊತೆಗೆ ಈಜುಕೊಳ, ಹಾಸ್ಟೆಲು, ಹೋಟೆಲು, ಸಮಾವೇಶ ಭವನ. ಇಷ್ಟನ್ನೂ ಕಟ್ಟಿಸಲು ಹೊರಟಿರುವುದು ನಮ್ಮ ಗೃಹ ಮಂಡಳಿ. ಸೂರಿಲ್ಲದವರಿಗೆ ಸೂರು ಕೊಡಲೆಂದು ಹುಟ್ಟಿದ ಮಂಡಳಿಯೊಂದು ಏಕಕಾಲಕ್ಕೆ 80 ಸಾವಿರ ಜನರಿಗೆ, ನಾಲ್ಕೇ ಗಂಟೆಯ ಮಟ್ಟಿಗಾದರೂ, ಕೂರಲು ಜಾಗ ಮಾಡಿಕೊಡುವುದೆಂದರೆ ಸಣ್ಣ ಮಾತಲ್ಲ. ಆದರೂ ಅನುಮಾನ ಬಂದು ಸುದ್ದಿಯನ್ನು ಇನ್ನೊಮ್ಮೆ ಓದಿದೆ. ಕೂರುವ ವಿಚಾರದಲ್ಲಿ ಏನೊಂದೂ ಕೊರತೆಯಿರಲಿಲ್ಲ. ಕೂತವರು ಎದ್ದ ಮೇಲೆ ಎತ್ತ ಹೋಗಬೇಕು ಎಂಬ ವಿಚಾರ ಮಾತ್ರ ಅದರಲ್ಲೆಲ್ಲೂ ಸಿಗಲಿಲ್ಲ.

ಬೆಂಗಳೂರಿನ ಕ್ರೀಡಾಂಗಣದ ಉಸಾಬರಿ ಮಲೆನಾಡಿನವನಿಗೇಕೆ ಎಂದು ನೀವು ಕೇಳಬಹುದು. ವಾಪಸು ಬರುವ ವಿಷಯದಲ್ಲಿ ನಮ್ಮಷ್ಟು ಅನುಭವ ರಾಜ್ಯದಲ್ಲಿ ಬೇರೆ ಯಾರಿಗೂ ಇಲ್ಲ ಎಂಬುದೇ ನನ್ನ ಉತ್ತರ. ನಮ್ಮಲ್ಲಿ ಮದುವೆಯ ಕರೆಯೋಲೆ ಕೈಗೆ ಬಂದರೆ ಹಿರಿಯರು ಮುಹೂರ್ತವನ್ನು ಒಮ್ಮೆ ನೋಡಿ, ಕಣ್ಣು ಕಿರಿದು ಮಾಡಿಕೊಂಡು, ‘ಊಟ ಮುಗಿಸಿದರೆ ಎರಡೂಮುಕ್ಕಾಲಿನ ಬಸ್ಸು ಸಿಗುತ್ತದೆಯೋ ಇಲ್ಲವೋ’ ಎಂದು ಲೆಕ್ಕ ಹಾಕುತ್ತಾರೆ. ಹೋಳಿಗೆಗೆ ಎರಡನೆಯ ಸಲ ತುಪ್ಪ ಹಾಕಿಸಿಕೊಳ್ಳಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವುದು ಹಸಿವಲ್ಲ, ಬಸ್ಸು. ಎಂಟೂವರೆಯ ಕೊನೇ ಬಸ್ಸು ತಪ್ಪಿಸಿಕೊಂಡು ಖಾಸಗಿ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಬೆಳಗು ಮಾಡಿದವರು ಪ್ರತಿ ಮನೆಗೆ ಒಬ್ಬರಾದರೂ ಇದ್ದಾರೆ.

ನಮ್ಮ ಯಕ್ಷಗಾನ ಬಯಲಾಟ ಇಡೀ ರಾತ್ರಿ ಏಕೆ ನಡೆಯುತ್ತಿತ್ತು ಎಂಬುದಕ್ಕೆ ವಿದ್ವಾಂಸರು ಬೇಕಾದಷ್ಟು ಕಾರಣ ಕೊಡುತ್ತಾರೆ. ಪ್ರಸಂಗದ ವಿಸ್ತಾರ ಎನ್ನುತ್ತಾರೆ, ರಾಗಗಳ ಕಾಲಕ್ರಮ ಎನ್ನುತ್ತಾರೆ, ಆರಾಧನೆ ಎನ್ನುತ್ತಾರೆ. ಅವರೆಲ್ಲರ ಮೇಲೂ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಬೆಳಗಿನ ಮೊದಲ ಬಸ್ಸು ಬರುವವರೆಗೆ ಪ್ರೇಕ್ಷಕರನ್ನು ಎಲ್ಲಿಡುವುದು ಎಂಬುದೇ ನಿಜವಾದ ಪ್ರಶ್ನೆಯಾಗಿತ್ತು. ರಾತ್ರಿ ಒಂಬತ್ತೂವರೆಗೆ ಚಂಡೆ ಬಿದ್ದರೆ, ಅರ್ಧ ರಾತ್ರಿಯ ಹೊತ್ತಿಗೆ ಹಾಸ್ಯಗಾರ ಬಂದು ನಿದ್ದೆ ಓಡಿಸಿ, ಮೂರು ಗಂಟೆಗೆ ಬಣ್ಣದ ವೇಷ ಬಂದು ಮಕ್ಕಳನ್ನು ಹೆದರಿಸಿ ಎಬ್ಬಿಸಿ, ಭಾಗವತರು ಮಂಗಳ ಹಾಡುವಾಗ ತಿರುವಿನಾಚೆ ಬಸ್ಸಿನ ಹಾರನ್ ಕೇಳುತ್ತಿತ್ತು. ಸಾವಿರಾರು ಜನರನ್ನು ಒಂದು ಬಯಲಿನಿಂದ ಒಂದು ತಳ್ಳಾಟವೂ ಇಲ್ಲದೆ ಮನೆಗೆ ಮುಟ್ಟಿಸುವ ಈ ವಿದ್ಯೆಯನ್ನು ನಾವು ಯಾವ ಸಲಹಾ ಸಂಸ್ಥೆಗೂ ಶುಲ್ಕ ಕೊಡದೆ ಕಂಡುಕೊಂಡಿದ್ದೆವು. ಮನೆಮನೆಗೂ ಬೈಕು ಬಂದ ಮೇಲೆ ತಾನೇ ಕಾಲಮಿತಿಯ ಆಟ ಬಂದದ್ದು?

ಕ್ರಿಕೆಟ್ಟೂ ಒಂದು ಕಾಲಕ್ಕೆ ಇಷ್ಟೇ ವಿವೇಕದ ಆಟವಾಗಿತ್ತು. ಭದ್ರಾವತಿಯ ನಮ್ಮ ಜಿ.ಆರ್. ವಿಶ್ವನಾಥ್ 91 ಟೆಸ್ಟ್ ಆಡಿದರು. ಆ ದಿನಗಳಲ್ಲಿ ಸಂಜೆ ಬೆಳಕು ಮಾಸುವ ಹೊತ್ತಿಗೆ ಅಂಪೈರುಗಳು ಬೇಲ್ಸ್ ತೆಗೆಯುತ್ತಿದ್ದರು, ಪ್ರೇಕ್ಷಕನು ಬುತ್ತಿಯ ಡಬ್ಬ ಚೀಲಕ್ಕೆ ಹಾಕಿಕೊಂಡು ಸಂಜೆಯ ಬಸ್ಸು ಹಿಡಿಯುತ್ತಿದ್ದನು. ಈಗಿನ ಐಪಿಎಲ್ ಪಂದ್ಯ ರಾತ್ರಿ ಏಳೂವರೆಗೆ ಶುರುವಾಗಿ, ಸೂಪರ್ ಓವರ್ ಬೀಳದಿದ್ದರೂ, ಮುಗಿಯುವಾಗ ಹನ್ನೊಂದು ದಾಟಿರುತ್ತದೆ. ಐದು ದಿನದ ಆಟವನ್ನು ನಾಲ್ಕು ಗಂಟೆಗೆ ಇಳಿಸಿದ ಮಹಾನುಭಾವರು ಆ ನಾಲ್ಕು ಗಂಟೆಗಳನ್ನು ಹುಡುಕಿ ಹುಡುಕಿ ಬಸ್ಸಿಲ್ಲದ ಹೊತ್ತಿಗೇ ಇಟ್ಟಿದ್ದಾರೆ.

ಬಸ್ಸೇಕೆ, ಮೆಟ್ರೊ ಇದೆಯಲ್ಲ ಎನ್ನುವವರಿದ್ದಾರೆ. ಇದೆ. ಕ್ರೀಡಾಂಗಣದ ಸುದ್ದಿ ಬಂದ 2025ರ ಆಗಸ್ಟ್ ತಿಂಗಳಲ್ಲೇ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗವೂ ಆರಂಭವಾಯಿತು. ಅದು ಬೊಮ್ಮಸಂದ್ರಕ್ಕೇ ನಿಲ್ಲುತ್ತದೆ ಎಂಬುದನ್ನೂ, ಅಲ್ಲಿಂದಾಚೆಗೆ ಸೂರ್ಯನಗರದ ಬಡಾವಣೆ ಮುಟ್ಟಲು ಆಟೋದವರ ದಯೆ ಬೇಕು ಎಂಬುದನ್ನೂ ಸದ್ಯಕ್ಕೆ ಮರೆಯೋಣ. ಒಂದು ರೈಲಿಗೆ ಒಂದೂವರೆ ಸಾವಿರ ಜನರನ್ನು ಅಡಿಕೆ ಮೂಟೆಯಂತೆ ಒತ್ತಿ ತುಂಬಿದರೂ 80 ಸಾವಿರ ಜನ ಖಾಲಿಯಾಗಲು 54 ರೈಲು ಬೇಕು. ಆ ಮಾರ್ಗದಲ್ಲಿ ಮೊದಲಿಗೆ ಓಡಿದ ಹಾಗೆ 25 ನಿಮಿಷಕ್ಕೊಂದು ರೈಲು ಎಂದರೆ ಒಟ್ಟು 22 ಗಂಟೆ. ಭಾನುವಾರ ರಾತ್ರಿ ಪಂದ್ಯ ಗೆದ್ದವನ ಕೊನೆಯ ಅಭಿಮಾನಿ ಸೋಮವಾರ ರಾತ್ರಿ ರೈಲು ಹತ್ತುತ್ತಾನೆ, ಅಷ್ಟರಲ್ಲಿ ಅವನ ತಂಡ ಇನ್ನೊಂದು ಊರಿಗೆ ಹೋಗಿ ಅಭ್ಯಾಸ ಶುರು ಮಾಡಿರುತ್ತದೆ. ಮುಂದೆ ರೈಲುಗಳು ಹೆಚ್ಚಾಗಿ ಐದೈದು ನಿಮಿಷಕ್ಕೆ ಒಂದು ಬಂದರೂ ನಾಲ್ಕೂವರೆ ಗಂಟೆ ಹಿಡಿಯುತ್ತದೆ. ಅಂದರೆ ಆಟಕ್ಕಿಂತ ಓಟವೇ ದೀರ್ಘ.

ಹಾಗಾದರೆ ಕಾರಿನಲ್ಲಿ ಬರಲಿ. ಅರ್ಧ ಜನ ಮಾತ್ರ ಕಾರಿನಲ್ಲಿ ಬರುತ್ತಾರೆ, ಅದೂ ಒಂದೊಂದು ಕಾರಿನಲ್ಲಿ ನಾಲ್ವರು ಕೂತು ಬರುವಷ್ಟು ಸಜ್ಜನರು ಎಂದೇ ಇಟ್ಟುಕೊಳ್ಳಿ. ಹತ್ತು ಸಾವಿರ ಕಾರುಗಳಾದವು. ನಿಲ್ಲುವ ಜಾಗ, ತಿರುಗುವ ಜಾಗ, ಬಾಗಿಲು ತೆರೆಯುವ ಜಾಗ ಎಲ್ಲ ಸೇರಿ ಕಾರೊಂದಕ್ಕೆ 25 ಚದರ ಮೀಟರ್ ಬೇಕು. ಗುಣಿಸಿ ನೋಡಿದರೆ ಸುಮಾರು 62 ಎಕರೆ. ನೂರು ಎಕರೆಯ ಕ್ರೀಡಾ ಸಂಕೀರ್ಣದಲ್ಲಿ 62 ಎಕರೆ ಕಾರುಗಳಿಗೆ ಹೋದರೆ ಉಳಿದ 38 ಎಕರೆಯಲ್ಲಿ ಕ್ರಿಕೆಟ್ಟು, ಈಜು, ಹೋಟೆಲು, ಸಮಾವೇಶ ಎಲ್ಲವೂ ಮೈ ಕುಗ್ಗಿಸಿಕೊಂಡು ಬದುಕಬೇಕು. ನಮ್ಮ ಕಡೆಯವರಿಗೆ ಚದರ ಮೀಟರಿನ ಭಾಷೆ ಅರ್ಥವಾಗುವುದಿಲ್ಲವಾದ್ದರಿಂದ ಇದನ್ನು ಅಡಿಕೆಗೆ ಪರಿವರ್ತಿಸಿದೆ. ಒಂಬತ್ತು ಅಡಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು 540 ಮರ. ಆ ಲೆಕ್ಕದಲ್ಲಿ ಒಂದು ಕಾರು ಮೂರು ಚಿಲ್ಲರೆ ಅಡಿಕೆ ಮರಗಳ ಜಾಗದಲ್ಲಿ ಮಲಗುತ್ತದೆ, ಫಸಲು ಮಾತ್ರ ಕೊಡುವುದಿಲ್ಲ.

ಪಾರ್ಕಿಂಗ್ ಎಂದರೇನು ಎಂಬುದನ್ನು ನಾನು ನಮ್ಮ ನವುಲೆಯ ಕ್ರೀಡಾಂಗಣದಲ್ಲೇ ಕಲಿತೆ. 2020ರ ಫೆಬ್ರವರಿಯಲ್ಲಿ ಅಲ್ಲಿ ಕರ್ನಾಟಕ ಮತ್ತು ಮಧ್ಯಪ್ರದೇಶದ ರಣಜಿ ಪಂದ್ಯ ನಡೆದಾಗ ಅಕ್ಕನ ಮಗನನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿದ್ದೆ. ರಣಜಿ ಪಂದ್ಯಕ್ಕೆ ಎಷ್ಟು ಜನ ಬರುತ್ತಾರೆಂಬುದು ನಿಮಗೆ ತಿಳಿದದ್ದೇ. ಅಷ್ಟೇ ಜನರಿದ್ದರೂ ಸಂಜೆ ಹೊರಗೆ ಬಂದು ನೋಡಿದರೆ ನನ್ನ ಸ್ಕೂಟರಿನ ಬೆನ್ನಿಗೆ ಒಂದು ಬಿಳಿ ಕಾರು ಅಡ್ಡ ನಿಂತಿತ್ತು. ಮುಂದೆ ಮರ, ಹಿಂದೆ ಕಾರು. ಗಾಜಿನೊಳಗೆ ಇಣುಕಿದರೆ ಅರ್ಧ ಸುಲಿದ ಕಿತ್ತಳೆ ಹಣ್ಣೊಂದು ಡ್ಯಾಶ್‌ಬೋರ್ಡಿನ ಮೇಲಿತ್ತು, ಹಿಂದಿನ ಸೀಟಿನಲ್ಲಿ ಏತಕ್ಕೋ ಒಂದು ಹೆಲ್ಮೆಟ್ಟೂ ಇತ್ತು. ಹುಡುಗ ಕಾರನ್ನು ಎರಡು ಸುತ್ತು ಬಂದು, ‘ಮಾವ, ಹ್ಯಾಂಡ್‌ಬ್ರೇಕ್ ಹಾಕಿದಾರೆ, ತಳ್ಳಕ್ಕಾಗಲ್ಲ’ ಎಂದು ವರದಿ ಒಪ್ಪಿಸಿದ. ಮುಕ್ಕಾಲು ಗಂಟೆಯ ನಂತರ ಮಾಲೀಕರು ಟೀ ಕುಡಿದ ಬಾಯಿ ಒರೆಸಿಕೊಳ್ಳುತ್ತ ಬಂದು, ‘ಐದೇ ನಿಮಿಷ ಅಂತ ನಿಲ್ಸಿದ್ದೆ ಸಾರ್’ ಎಂದರು. ಅವರು ಕೆಟ್ಟವರೇನಲ್ಲ, ಕಿತ್ತಳೆಯ ಉಳಿದರ್ಧವನ್ನು ಹುಡುಗನಿಗೆ ಕೊಟ್ಟೇ ಹೋದರು. ಒಬ್ಬ ಸಜ್ಜನನ ಒಂದು ಕಾರಿಗೆ ಮುಕ್ಕಾಲು ಗಂಟೆಯಾದರೆ ಹತ್ತು ಸಾವಿರ ಸಜ್ಜನರಿಗೆ ಎಷ್ಟು ಎಂಬ ಲೆಕ್ಕವನ್ನು ಮಾತ್ರ ನಾನು ಮಾಡಲು ಹೋಗಿಲ್ಲ.

ತಮಾಷೆ ಇಲ್ಲಿಗೆ ನಿಲ್ಲಬೇಕು, ಏಕೆಂದರೆ ಈ ಹೊಸ ಕ್ರೀಡಾಂಗಣದ ಮಾತು ಎಲ್ಲಿಂದ ಹುಟ್ಟಿತೆಂಬುದು ಎಲ್ಲರಿಗೂ ಗೊತ್ತಿದೆ. 2025ರ ಜೂನ್ 4ರಂದು ಆರ್‌ಸಿಬಿ ತಂಡದ ಐಪಿಎಲ್ ವಿಜಯೋತ್ಸವದ ಕಾಲ್ತುಳಿತದಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಹನ್ನೊಂದು ಜನ ಸತ್ತರು. ಅವರು ಕುರ್ಚಿ ಮುರಿದು ಸಾಯಲಿಲ್ಲ, ಛಾವಣಿ ಕುಸಿದು ಸಾಯಲಿಲ್ಲ. ಗೇಟಿನ ಹೊರಗೆ, ರಸ್ತೆಯಲ್ಲಿ, ಒಳಗೆ ಹೋಗಲೂ ಆಗದೆ ಹಿಂದಕ್ಕೆ ಸರಿಯಲೂ ಆಗದೆ ಸತ್ತರು. ಪಕ್ಕದಲ್ಲೇ ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣವಿತ್ತು, ಜನ ಮಿತಿಮೀರಿದ್ದಾರೆಂದು ಅಲ್ಲಿ ರೈಲು ನಿಲ್ಲಿಸುವುದನ್ನೇ ಬಿಟ್ಟರು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಮೈಕೆಲ್ ಡಿ’ಕುನ್ಹ ಆಯೋಗವು ದೊಡ್ಡ ಜನಸಂದಣಿಗೆ ಈ ಜಾಗ ಯೋಗ್ಯವಲ್ಲ ಎಂದಿತು. ಅದರ ಜೊತೆಗೇ, ಹೊಸ ಜಾಗದಲ್ಲಿ ಜನ ಸಾಲು ನಿಲ್ಲಲು ರಸ್ತೆಯಿಂದ ಬೇರೆಯೇ ಆವರಣವಿರಬೇಕು, ಸಾಕಷ್ಟು ದ್ವಾರಗಳಿರಬೇಕು, ಸಾರ್ವಜನಿಕ ಸಾರಿಗೆ ಅಲ್ಲಿಗೆ ಕೂಡಿಕೊಂಡಿರಬೇಕು, ವಾಹನ ನಿಲುಗಡೆಗೆ ಜಾಗವಿರಬೇಕು ಎಂದೂ ಹೇಳಿತು. ಇಷ್ಟುದ್ದದ ಮಾತಿನಲ್ಲಿ ನಮ್ಮವರ ಕಿವಿಗೆ ಬಿದ್ದದ್ದು ‘ಹೊಸ ಜಾಗ’ ಎಂಬ ಎರಡೇ ಶಬ್ದ. 35 ಸಾವಿರದ ಕ್ರೀಡಾಂಗಣಕ್ಕೆ ಲಕ್ಷಗಟ್ಟಲೆ ಜನ ಬಂದದ್ದು ಸಮಸ್ಯೆಯೆಂದರೆ, 80 ಸಾವಿರದ್ದನ್ನು ಊರಾಚೆ ಕಟ್ಟುವುದು ಪರಿಹಾರವಂತೆ. ರಸ್ತೆಯಲ್ಲಿ ಸತ್ತವರಿಗೆ ಉತ್ತರವಾಗಿ ಕುರ್ಚಿ ಹೆಚ್ಚಿಸುವವರೊಡನೆ ಏನು ಮಾತಾಡುವುದು? ನನಗೆ ಸಾಕಾಗಿದೆ.

ಬಸ್ಸಿಗೆ ದುಡ್ಡು ಕೇಳಿದರೆ ಇಲ್ಲವೆನ್ನುವ ಅಭ್ಯಾಸ ಹಳೆಯದು. ಕೊಪ್ಪದ ಸಹಕಾರ ಸಾರಿಗೆಯನ್ನು ಮಲೆನಾಡಿನವರು ಇನ್ನೂ ಮರೆತಿಲ್ಲ. 1991ರಲ್ಲಿ ಬಸ್ಸಿನ ಕಾರ್ಮಿಕರೇ ಸೇರಿ ಕಟ್ಟಿದ ಸಂಘವದು, ಬೇರೆಯವರು ಹೋಗದ ಹಳ್ಳಿಗಳಿಗೂ ಅದರ ಬಸ್ಸು ಹೋಗುತ್ತಿತ್ತು, ಶಾಲೆ ಮಕ್ಕಳನ್ನು ರಿಯಾಯಿತಿ ಪಾಸಿನಲ್ಲಿ ಕರೆದೊಯ್ಯುತ್ತಿತ್ತು. ಡೀಸೆಲ್ಲು, ತೆರಿಗೆ, ವಿಮೆಗಳ ಭಾರ ತಾಳಲಾರದೆ 2020ರಲ್ಲಿ ಅದು ನಿಂತೇ ಹೋಯಿತು. ಅದರ ನಂತರ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ಒಳ್ಳೆಯದೇ. ಆದರೆ ಘಟ್ಟದಂಚಿನ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸುಗಳು. ಅಲ್ಲಿ ಆಧಾರ್ ಕಾರ್ಡ್ ತೆಗೆದು ತೋರಿಸಿದ ಅಜ್ಜಿಯೊಬ್ಬರಿಗೆ ಕಂಡಕ್ಟರ್, ‘ಅದನ್ನ ಒಳಗಿಡಿ ಅಮ್ಮ, ಮೂವತ್ತು ರೂಪಾಯಿ ಕೊಡಿ’ ಎಂದದ್ದನ್ನು ನಾನೇ ಕೇಳಿದ್ದೇನೆ. ಅಜ್ಜಿ ಎಲೆಯಡಿಕೆ ಸಂಚಿಯಿಂದ ಮಡಿಸಿದ ನೋಟು ತೆಗೆದು ಕೊಟ್ಟರು, ಜಗಳವಾಡಲಿಲ್ಲ. ಆ ಬಸ್ಸೂ ಇಲ್ಲದಿದ್ದರೆ ಗತಿಯೇನೆಂಬುದು ಅವರಿಗೆ ಗೊತ್ತಿತ್ತು.

ಸೂರ್ಯನಗರದವರು ನನ್ನ ಸಲಹೆ ಕೇಳಲಾರರು, ಆದರೂ ಹೇಳಿಬಿಡುತ್ತೇನೆ. ಬಸ್ಸು, ರೈಲು, ರಸ್ತೆ ಯಾವುದನ್ನೂ ಹೆಚ್ಚಿಸುವ ಮನಸ್ಸಿಲ್ಲದಿದ್ದರೆ ಬಯಲಾಟದ ಪದ್ಧತಿಗೆ ಮರಳಬಹುದು. ಹನ್ನೊಂದೂವರೆಗೆ ಪಂದ್ಯ ಮುಗಿದ ಮೇಲೆ ಗೇಟು ತೆರೆಯದೆ, ಅದೇ ಬೆಳಕಿನಲ್ಲಿ ಒಂದು ‘ಗದಾಯುದ್ಧ’ ಆಡಿಸಿದರೆ ಬೆಳಗಿನ ಐದು ಗಂಟೆಯವರೆಗೆ ಚಿಂತೆಯಿಲ್ಲ. ಮೇಳಗಳಿಗೂ ನಾಲ್ಕು ಕಾಸು ಸಿಗುತ್ತದೆ, ಸೋತ ತಂಡದವರಿಗೆ ದುರ್ಯೋಧನನ ಪ್ರಲಾಪ ಕೇಳಿ ಸಮಾಧಾನವೂ ಆಗುತ್ತದೆ.

ಅಕ್ಕನ ಮಗ ಈಗ ಕಾಲೇಜು. ಮೊನ್ನೆ ಬಂದವನು, ‘ಆ ಸ್ಟೇಡಿಯಂ ಆದ್ಮೇಲೆ ಒಂದು ಮ್ಯಾಚಿಗೆ ಹೋಗಿ ಬರೋಣ ಮಾವ’ ಎಂದ. ‘ಟಿಕೆಟ್ ನಾನು ತೆಗೆಸ್ತೀನಿ. ಹೋಗೋದು ಹೆಂಗೆ, ಗಾಡಿ ಎಲ್ಲಿ ನಿಲ್ಸೋದು, ವಾಪಸ್ ಬರೋದು ಯಾವುದ್ರಲ್ಲಿ, ಇಷ್ಟು ನೀನು ನೋಡ್ಕೋ ಮಾರಾಯ’ ಎಂದೆ. ಅವನು ಮೊಬೈಲು ತೆಗೆದು ಶಿವಮೊಗ್ಗದಿಂದ ರೈಲು, ರೈಲಿನಿಂದ ಮೆಟ್ರೊ, ಮೆಟ್ರೊದಿಂದ ಮುಂದೆ ಎಂದು ಬಹಳ ಹೊತ್ತು ತಡಕಾಡಿದ. ಆಮೇಲೆ ಏನೂ ಹೇಳದೆ ಎದ್ದು ಹೋಗಿ ಟಿವಿ ಹಾಕಿದ. ಕರೆಂಟು ಇರಲಿಲ್ಲ.