ನಿಮ್ಮ ಜೋಡಿ ಯಾರ ಬಂದಾರ?

ನಮ್ಮ ವಿಜಯಪುರದಲ್ಲಿ ಕಲ್ಲಿಗೆ ಇರುವ ಬೆಲೆ ಮನುಷ್ಯರಿಗೆ ಇಲ್ಲ. ಹೊಟ್ಟೆಯುರಿಯಿಂದ ಹೇಳುವ ಮಾತಲ್ಲ ಇದು, ಹೊಟ್ಟೆನೋವಿನಿಂದ ಹೇಳುವ ಮಾತು. ಎಂಟು ತಿಂಗಳು ನಾನು ಬಾಯಿಬಿಟ್ಟು ಹೇಳಿದ್ದನ್ನು ಯಾರೂ ನಂಬಲಿಲ್ಲ. ಕೊನೆಗೆ ನನ್ನ ಪಿತ್ತಕೋಶದೊಳಗಿನ ಮೂರು ಕಲ್ಲು ಸಾಕ್ಷಿ ಹೇಳಿದವು. ತಕ್ಷಣ ನಂಬಿದರು.

ನೋವು ಇದ್ದದ್ದು ಬಲಗಡೆ, ಪಕ್ಕೆಲುಬಿನ ಕೆಳಗೆ. ರಾತ್ರಿ ಊಟವಾಗಿ ತಾಸು ಕಳೆಯಿತು ಅನ್ನುವಾಗ ಶುರು. ಅಲ್ಲಿಂದ ಬೆನ್ನಿಗೆ, ಬೆನ್ನಿನಿಂದ ಬಲ ಭುಜಕ್ಕೆ. ನಡುರಾತ್ರಿ ಅಡುಗೆಮನೆಯ ಶಹಾಬಾದಿ ಕಲ್ಲಿನ ಮೇಲೆ ಕೆನ್ನೆ ಒತ್ತಿ ಮಲಗುತ್ತಿದ್ದೆ. ತಣ್ಣಗಿರುತ್ತಿತ್ತು, ಅಷ್ಟೇ ಸುಖ.

ಮೊದಲ ಸಲ ಆಸ್ಪತ್ರೆಗೆ ಒಬ್ಬಳೇ ಹೋದೆ. ಡಾಕ್ಟರು ನನ್ನ ಮುಖ ನೋಡುವ ಮೊದಲು ನನ್ನ ಹಿಂದಿನ ಬಾಗಿಲು ನೋಡಿದರು.

"ನಿಮ್ಮ ಜೋಡಿ ಯಾರ ಬಂದಾರ?"

"ಯಾರೂ ಇಲ್ರಿ. ಬ್ಯಾನಿ ನಂದು, ನಾನ ಬಂದೀನಿ."

"ಗ್ಯಾಸ್ ಆಗೇದ. ಮಿರ್ಚಿ ಭಜಿ ಕಮ್ಮಿ ಮಾಡ್ರಿ."

ಹೊಟ್ಟೆ ಮುಟ್ಟಿ ನೋಡಲಿಲ್ಲ. ಎಲ್ಲಿ ನೋವು ಅಂತ ಕೇಳಲಿಲ್ಲ. ನಮ್ಮ ಭಾಗದಲ್ಲಿ ಸಿಲಿಂಡರಿಗಿಂತ ಹೆಂಗಸರ ಹೊಟ್ಟೆಯಲ್ಲೇ ಗ್ಯಾಸ್ ಜಾಸ್ತಿ. ಬೆನ್ನು ಸೆಳೆದರೂ ಗ್ಯಾಸ್, ಎದೆ ಹಿಡಿದರೂ ಗ್ಯಾಸ್. ಹಾರ್ಟ್ ಅಟ್ಯಾಕ್ ಆಗುವಾಗ ಹೆಂಗಸರಿಗೆ ದವಡೆ ನೋವು, ಬೆನ್ನು ನೋವು, ವಾಕರಿಕೆ, ವಿಪರೀತ ಸುಸ್ತು ಕಾಣಿಸಬಹುದು ಅಂತ ವೈದ್ಯರ ಪುಸ್ತಕದಲ್ಲೇ ಬರೆದಿದೆ. ಪುಸ್ತಕ ಕಪಾಟಿನಲ್ಲಿದೆ. ಕಪಾಟಿನ ಮುಂದೆ ಔಷಧಿ ಕಂಪನಿಯ ಕ್ಯಾಲೆಂಡರ್ ತೂಗುತ್ತಿದೆ. ಕ್ಯಾಲೆಂಡರಿನಲ್ಲಿ ಗ್ಯಾಸ್ ಮಾತ್ರೆಯ ಚಿತ್ರ.

ಎರಡನೇ ಸಲ ಹೋದಾಗ ನನ್ನ ಅಲಂಕಾರ ನನಗೆ ಮುಳುವಾಯಿತು. ಇಳಕಲ್ ಸೀರೆ ಉಟ್ಟಿದ್ದೆ, ತಲೆ ಬಾಚಿ ಹೂ ಮುಡಿದಿದ್ದೆ. ಸೂಕ್ಷ್ಮವಾಗಿ ನೋಡಿ ಅವರು ಅಂದರು, "ಅರಾಮ ಕಾಣ್ತೀರಲ್ಲ." ಬಾಚದೆ ಹೋಗಿದ್ದರೆ? ಪಕ್ಕದ ಬೆಂಚಿನಲ್ಲಿ ಬಾಚದೆ ಬಂದ ಒಬ್ಬ ಅಕ್ಕ ಕೂತಿದ್ದಳು. ಅವಳಿಗೆ ಆಗಲೇ "ಟೆನ್ಶನ್" ಅಂತ ಬರೆದುಕೊಟ್ಟಾಗಿತ್ತು. ನೋವಿಗೆ ಸರಿಹೊಂದುವಂತೆ ಎಷ್ಟು ಕೂದಲು ಕೆದರಿರಬೇಕು ಅಂತ ಆಸ್ಪತ್ರೆಯ ಗೋಡೆ ಮೇಲೆ ಬೋರ್ಡು ಹಾಕಿದರೆ ನಮಗೂ ಅನುಕೂಲ.

ನನಗೂ ಆವತ್ತು ಟೆನ್ಶನ್ನೇ ಸಿಕ್ಕಿತು. "ಮನಿಯಾಗ ಏನರ ಜಗಳ ಅದ ಏನು?" ಅಂತ ಕೇಳಿದರು. ಇಲ್ಲ ಅಂದೆ. ಬೇಗ ಇಲ್ಲ ಅಂದದ್ದೇ ಜಗಳ ಇರುವುದಕ್ಕೆ ಪುರಾವೆ ಆಯಿತು.

ಈ ಟೆನ್ಶನ್‌ಗೆ ದೊಡ್ಡ ಇತಿಹಾಸವಿದೆ. ಹಿಂದೆ ಇದರ ಹೆಸರು ಹಿಸ್ಟೀರಿಯಾ. ಗ್ರೀಕ್ ಭಾಷೆಯಲ್ಲಿ ಹಿಸ್ಟೆರಾ ಅಂದರೆ ಗರ್ಭಕೋಶ. ಹೆಂಗಸು ಏನೇ ನೋವು ಹೇಳಿದರೂ ಗರ್ಭಕೋಶದ ಕಡೆ ಬೆರಳು ತೋರಿಸಿ ಕೈತೊಳೆದುಕೊಳ್ಳುತ್ತಿದ್ದರು. ಅಮೆರಿಕದ ಮನೋವೈದ್ಯರು 1980ರಲ್ಲಿ ತಮ್ಮ ಕೈಪಿಡಿಯಿಂದ ಆ ಹೆಸರು ಕಿತ್ತುಹಾಕಿದರು. ನಮ್ಮಲ್ಲಿ ಅದು ಹೆಸರು ಬದಲಿಸಿಕೊಂಡು ಇಲ್ಲೇ ಉಳಿಯಿತು. ಬಿಜಾಪುರ 2014ರಲ್ಲಿ ವಿಜಯಪುರ ಆಯಿತಲ್ಲ, ಹಾಗೆ. ಬೋರ್ಡು ಹೊಸದು, ಧೂಳು ಹಳೆಯದೇ.

ಡಾಕ್ಟರದ್ದೇ ಪೂರ್ತಿ ತಪ್ಪು ಅನ್ನಲಾರೆ. ಹೊರಗೆ ಜಾತ್ರೆಯಷ್ಟು ಜನ ಕಾಯುತ್ತಿದ್ದರು. 2017ರಲ್ಲಿ ಬಂದ ಒಂದು ಅಧ್ಯಯನ 67 ದೇಶಗಳಲ್ಲಿ ವೈದ್ಯರು ಒಬ್ಬ ರೋಗಿಗೆ ಎಷ್ಟು ಹೊತ್ತು ಕೊಡುತ್ತಾರೆ ಅಂತ ಲೆಕ್ಕ ಹಾಕಿತ್ತು. ಸ್ವೀಡನ್ನಿನಲ್ಲಿ 22 ನಿಮಿಷಕ್ಕೂ ಜಾಸ್ತಿ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ನಮ್ಮದು ಎರಡು ನಿಮಿಷದ ಆಸುಪಾಸು. ಆ ಎರಡು ನಿಮಿಷದಲ್ಲಿ ಒಂದೂವರೆ ನಿಮಿಷ, ಜೋಡಿ ಯಾರು ಬಂದಾರೆ, ಅವರು ಯಾಕೆ ಬಂದಿಲ್ಲ, ಅವರದು ಏನು ನೌಕರಿ ಅನ್ನುವುದಕ್ಕೇ ಹೋಗುತ್ತದೆ. ಉಳಿದ ಅರ್ಧ ನಿಮಿಷದಲ್ಲಿ ಗ್ಯಾಸ್ ಬಿಟ್ಟು ಬೇರೆ ಏನು ಕಂಡುಹಿಡಿಯಲು ಸಾಧ್ಯ, ನೀವೇ ಹೇಳಿ.

ನಾನು ಮಾಸ್ತರಿಕಿ ಮಾಡುವವಳು. ಹಾಜರಿ ಪುಸ್ತಕ ಬರೆದು ರೂಢಿ. ಒಂದು ನೂರು ಪುಟದ ನೋಟ್‌ಬುಕ್ ತಂದು ನೋವಿನ ಹಾಜರಿ ಬರೆಯತೊಡಗಿದೆ. ಯಾವ ದಿನ, ಎಷ್ಟು ಹೊತ್ತಿಗೆ, ಏನು ಉಂಡ ಮೇಲೆ, ಎಷ್ಟು ತಾಸು, ಹತ್ತಕ್ಕೆ ಎಷ್ಟು ಮಾರ್ಕು. ಎಣ್ಣೆಗಾಯಿ ಉಂಡ ದಿನ ಒಂಬತ್ತು. ಬರೀ ಮಜ್ಜಿಗೆ ಅನ್ನ ಉಂಡ ದಿನ ಗೈರುಹಾಜರು. ಮಿರ್ಚಿ ಭಜಿ ತಿಂದ ದಿನ ಹತ್ತಕ್ಕೆ ಹನ್ನೊಂದು. ಆ ಒಂದು ವಿಷಯದಲ್ಲಿ ಡಾಕ್ಟರು ಹೇಳಿದ್ದು ಸರಿ ಇತ್ತು, ಒಪ್ಪಬೇಕು.

ಮೂರನೇ ಸಲ ನೋಟ್‌ಬುಕ್ ಹಿಡಿದುಕೊಂಡು ಹೋದೆ. ಜೊತೆಗೆ ನಮ್ಮ ಮನೆಯವರನ್ನೂ ಹಿಡಿದುಕೊಂಡು ಹೋದೆ. ನೋಟ್‌ಬುಕ್ಕನ್ನು ಡಾಕ್ಟರು ಬೆರಳ ತುದಿಯಿಂದ ಪಕ್ಕಕ್ಕೆ ಸರಿಸಿದರು. "ಗೂಗಲ್ ಭಾಳ ನೋಡ್ತೀರೇನು?" ಆಮೇಲೆ ನಮ್ಮ ಮನೆಯವರ ಕಡೆ ತಿರುಗಿದರು. ಮುಖದಲ್ಲಿ ಗೌರವ ಬಂತು.

"ಏನ್ರಿ, ಇವರಿಗೆ ಖರೇನ ತ್ರಾಸ್ ಆಗ್ತದೇನು?"

"ಹೌದ್ರಿ ಸರ್, ಭಾಳ."

ಮೂರು ಶಬ್ದ. ಸ್ಕ್ಯಾನಿಂಗ್ ಚೀಟಿ ಕೈಗೆ ಬಂತು. ಎಂಟು ತಿಂಗಳು ನನ್ನ ಪಕ್ಕದಲ್ಲೇ ಗೊರಕೆ ಹೊಡೆದ ಮನುಷ್ಯ ಪ್ರತ್ಯಕ್ಷ ಸಾಕ್ಷಿಯಾದರು. ನೋವು ಎಡಕ್ಕೋ ಬಲಕ್ಕೋ ಅಂತ ಕೇಳಿದ್ದರೆ ಸಿಕ್ಕಿಬೀಳುತ್ತಿದ್ದರು. ಪುಣ್ಯಕ್ಕೆ ಕೇಳಲಿಲ್ಲ.

ಮೂರು ಕಲ್ಲು ಕಂಡ ಮೇಲೆ ನನ್ನ ಸ್ಥಿತಿ ಬದಲಾಯಿತು ನೋಡಿ. ಅದುವರೆಗೆ ಸುಮ್ನೆ ಒಬ್ಬ ಹೆಂಗಸು. ಈಗ ಸಂರಕ್ಷಿತ ಸ್ಮಾರಕ. ಬಂದವರೆಲ್ಲ ರಿಪೋರ್ಟು ನೋಡಿದರು, ಕಲ್ಲಿನ ಅಳತೆ ಓದಿದರು, ಅಬ್ಬಾ ಅಂದರು. ಫೋಟೋ ತೆಗೆಯುವುದೊಂದು ಬಾಕಿ.

ನೋವನ್ನೇ ಅಧ್ಯಯನ ಮಾಡುವ ಅಂತರರಾಷ್ಟ್ರೀಯ ಸಂಘವೊಂದಿದೆ. ನೋವು ಅಂದರೆ ಏನು ಅನ್ನುವುದನ್ನು ಅದು 2020ರಲ್ಲಿ ಹೊಸದಾಗಿ ಬರೆಯಿತು. ಒಬ್ಬರು ನನಗೆ ನೋವಾಗಿದೆ ಅಂದರೆ ಆ ಮಾತಿಗೆ ಮರ್ಯಾದೆ ಕೊಡಬೇಕು ಅಂತ ಅದರ ಟಿಪ್ಪಣಿಯಲ್ಲಿದೆ. ಗಂಡನನ್ನು ಕರೆತಂದರೆ ಮಾತ್ರ ಅಂತ ಎಲ್ಲಾದರೂ ಸಣ್ಣ ಅಕ್ಷರದಲ್ಲಿ ಇರಬಹುದು ಅಂತ ಎರಡು ಸಲ ಓದಿದೆ. ಇಲ್ಲ.

ಗಂಡ ಇರುವವರ ಕಥೆ ಇದು. ಬಾಗಲಕೋಟೆಯಲ್ಲಿರುವ ನಮ್ಮಕ್ಕನ ಮಗಳಿಗೆ 22 ವರ್ಷ, ಮದುವೆಯಾಗಿಲ್ಲ. ತಿಂಗಳಿಗೆ ಮೂರು ದಿನ ನೆಲಕ್ಕೆ ಬಿದ್ದು ಒದ್ದಾಡುತ್ತಾಳೆ. ತೋರಿಸಿದಲ್ಲೆಲ್ಲ ಒಂದೇ ಔಷಧಿ: "ಲಗ್ನ ಮಾಡ್ರಿ, ಸರಿ ಹೋಗತೈತಿ." ಗರ್ಭಕೋಶದ ಒಳಪದರದಂಥ ಪದರ ಹೊರಗೆಲ್ಲೋ ಬೆಳೆದು ಹೀಗೆ ನೋವು ಕೊಡುವುದಕ್ಕೆ ಎಂಡೊಮೆಟ್ರಿಯೋಸಿಸ್ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮಕ್ಕಳಾಗುವ ವಯಸ್ಸಿನ ಹತ್ತರಲ್ಲಿ ಒಬ್ಬರಿಗೆ, ಜಗತ್ತಿನಲ್ಲಿ ಸುಮಾರು 19 ಕೋಟಿ ಹೆಂಗಸರಿಗೆ ಇದು ಇದೆ. ಸಾದಾ ಸ್ಕ್ಯಾನಿಂಗ್‌ನಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಕಾಣಲಿಲ್ಲ ಅಂದರೆ ಹುಡುಗಿ ನಾಟಕ ಮಾಡುತ್ತಾಳೆ ಅಂತ ಅರ್ಥ. ಕಲ್ಲಾದರೂ ಇದ್ದಿದ್ದರೆ!

ಈ ಸಲ ಅವಳ ಜೋಡಿ ನಾನು ಹೋದೆ. ಅಲ್ಲಿಯ ಡಾಕ್ಟರೂ ಲಗ್ನವನ್ನೇ ಹೇಳಿದರು. ನಾನು ಕೈಮುಗಿದು ಕೇಳಿದೆ.

"ಆತ್ರಿ ಸರ್. ಅದನ್ನ ಚೀಟಿ ಮ್ಯಾಲ ಬರದು ಸಹಿ ಮಾಡಿ ಕೊಡ್ರಿ. ದಿನಕ್ಕ ಎಷ್ಟು ಸಲ, ಊಟಕ್ಕ ಮೊದಲೋ ಆಮ್ಯಾಲೋ ಅಂತನೂ ಬರೀರಿ. ಆದಷ್ಟು ದೊಡ್ಡ ಅಕ್ಷರದಾಗ, ಜೆನೆರಿಕ್ ಹೆಸರಿನಾಗ ಬರೀಬೇಕಂತ 2016ರಾಗ ರೂಲ್ ಆಗೈತಲ್ರಿ. ಕಂಪನಿ ಯಾವುದಾದರೂ ನಡಿತೈತಿ, ವರ ಅಂತ ಅಷ್ಟ ಬರೀರಿ."

ಪೆನ್ನು ನಿಂತಿತು.

"ಬರಿಯೂದು ಬ್ಯಾಡಂದ್ರ ಇಲ್ಲಿತನಕ ತಪಾಸಣಿ ಮಾಡಿದ ಕಾಗದ ಕೊಡ್ರಿ. ಕೇಳಿದ 72 ತಾಸಿನೊಳಗ ಕೊಡಬೇಕಂತ 2002ರ ನಿಯಮದಾಗ ಐತಿ."

ಮತ್ತೆ ಪೆನ್ನು ಓಡಿತು. ಲಗ್ನದ ಮಾತು ಬಿಟ್ಟು ತಜ್ಞರ ಹೆಸರಿಗೆ ಪತ್ರ ಬರೆದುಕೊಟ್ಟರು. ಹುಡುಗಿ ಹೊರಗೆ ಬಂದು ನಕ್ಕಳು. ಹೊಟ್ಟೆ ಹಿಡಿದುಕೊಂಡೇ ನಕ್ಕಳು, ಆವತ್ತು ಎರಡನೇ ದಿನ.

ನನ್ನ ಆಪರೇಷನ್ ಆಗಿ ಮೂರು ತಿಂಗಳಿಗೆ ಅವಳು ನಮ್ಮೂರಿಗೆ ಬಂದಳು. ಗೋಳಗುಮ್ಮಟ ಹತ್ತೋಣ ಚಿಗವ್ವ ಅಂದಳು. ಬೆಳಿಗ್ಗೆ ಬೇಗ ಹೋದೆವು, ಶಾಲೆಯ ಮಕ್ಕಳು ಬಂದು ಕಿರುಚುವ ಮೊದಲು. ಆ ಕಡಿದಾದ ಮೆಟ್ಟಿಲು ಹತ್ತಿ ಮೇಲೆ ಮುಟ್ಟುವುದರೊಳಗೆ ಮೊಣಕಾಲು ಹಿಡಿದಿತ್ತು. ಪಿಸುಮಾತಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಮೆಲ್ಲಗೆ ಅಂದೆ, "ಮೊಣಕಾಲ ಭಾಳ ಬ್ಯಾನಿ ಆಗೇದ." ಗುಮ್ಮಟ ನನ್ನ ಮಾತನ್ನು ಏಳು ಸಲ ಹೇಳಿತು. ಎಂಟು ತಿಂಗಳಲ್ಲಿ ಸಿಗದ ಮರ್ಯಾದೆ. ಕಣ್ಣು ಮುಚ್ಚಿ ನಿಂತೆ.

ಆಚೆ ಬದಿಯಿಂದ ಯಾವನೋ ಒಬ್ಬನ ದನಿ ಬಂತು, ಕಳಕಳಿಯಿಂದಲೇ.

"ಗ್ಯಾಸ್ ಇರಬೇಕ್ ನೋಡ್ರಿ ಅಕ್ಕಾರ."

ಅದೂ ಏಳು ಸಲ ಕೇಳಿಸಿತು.