ಫ್ಯಾನಿನ ಬಟನ್ ಎಲ್ಲ್ಯದ?

ರಾಯಚೂರಿನಲ್ಲಿ ಬೆಳೆದವನಿಗೆ ಯುರೋಪಿನ ಸೆಕೆ ಯಾವ ಲೆಕ್ಕ ಅಂತ ನಾನೂ ಅಂದುಕೊಂಡಿದ್ದೆ. 2019ರ ಜೂನ್ ಕೊನೆಯಲ್ಲಿ ಜರ್ಮನಿಯ ಸ್ಟಟ್‌ಗಾರ್ಟ್‌ನ ನಮ್ಮ ಮನೆಗೆ ಬಂದಿದ್ದ ಅವ್ವನಿಗೆ ಪ್ಯಾರಿಸ್ ತೋರಿಸಲು ಹೊರಟೆ. ಎಸಿ ಇರುವ ಕೋಣೆಗೆ ರಾತ್ರಿಗೆ 40 ಯೂರೋ ಜಾಸ್ತಿ ಇತ್ತು. ಮೂರು ರಾತ್ರಿಗೆ 120. ಸುಮ್ನೆ ದುಡ್ಡು ದಂಡ ಅಂತ ಬಿಟ್ಟೆ.

ಸಿಕ್ಕಿದ್ದು ಆರನೇ ಮಹಡಿ. ಲಿಫ್ಟು ಐದಕ್ಕೇ ನಿಂತಿತು. ಕೋಣೆಯ ಚಾವಣಿ ಇಳಿಜಾರು, ಅದರಲ್ಲೇ ಒಂದು ಗಾಜಿನ ಕಿಟಕಿ. ಅದಕ್ಕೆ ಪರದೆ ಇಲ್ಲ, ಬಾಗಿಲಿಲ್ಲ. ರಾತ್ರಿ ಹನ್ನೊಂದೂವರೆಗೆ ಗೋಡೆ ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ಅವ್ವ ಮಂಚದ ಮೇಲೆ ಕೂತು ಮೇಲೆ ನೋಡಿದಳು, ಗೋಡೆ ಸುತ್ತ ಕೈಯಾಡಿಸಿದಳು.

"ಏ ತಮ್ಮಾ, ಫ್ಯಾನಿನ ಬಟನ್ ಎಲ್ಲ್ಯದ?"

"ಫ್ಯಾನ್ ಇಲ್ಲವ್ವ ಇಲ್ಲಿ."

"ಅಷ್ಟು ರೊಕ್ಕ ಕೊಟ್ಟೀದಿ, ಒಂದು ಫ್ಯಾನ್ ಇಲ್ಲಂದ್ರ ಹ್ಯಾಂಗಪಾ?"

ಕೆಳಗಿಳಿದು ಕೇಳಿದೆ. ಇಡೀ ಹೋಟೆಲಿಗೆ ಎರಡು ಟೇಬಲ್ ಫ್ಯಾನ್ ಇದ್ದವಂತೆ, ಎರಡನ್ನೂ ಯಾರೋ ಮಧ್ಯಾಹ್ನವೇ ಒಯ್ದಿದ್ದರು. ಮರುದಿನ ಕೊಳ್ಳೋಣವೆಂದು ಅಂಗಡಿಗೆ ಹೋದರೆ ಫ್ಯಾನ್ ಇಡುವ ಕಪಾಟೇ ಖಾಲಿ. ಅದೇ ವಾರ, ಜೂನ್ 28ಕ್ಕೆ, ಫ್ರಾನ್ಸಿನ ದಕ್ಷಿಣದಲ್ಲಿ 46 ಡಿಗ್ರಿ ಮುಟ್ಟಿತ್ತು. ತಿಂಗಳು ಕಳೆಯುವುದರೊಳಗೆ, ಜುಲೈ 25ರಂದು, ಪ್ಯಾರಿಸ್ಸೇ 42.6 ಡಿಗ್ರಿಯ ದಾಖಲೆ ಬರೆಯಿತು.

ಅವ್ವನ ಆ ಒಂದು ಪ್ರಶ್ನೆಯಲ್ಲಿ ಎಲ್ಲಾ ಇದೆ ಅಂತ ಈಗ ಅನಿಸುತ್ತದೆ. ನಮ್ಮಲ್ಲಿ 300 ರೂಪಾಯಿಯ ಲಾಡ್ಜಿಗೆ ಹೋಗಿ, ಕರ್ರ್ ಕರ್ರ್ ಅನ್ನುವ ಫ್ಯಾನಾದರೂ ತಲೆ ಮೇಲೆ ತಿರುಗುತ್ತಿರುತ್ತದೆ. ಹಾಗಾಗಿ ನಮಗೆ ಎಸಿ ಅಂದರೆ ಫ್ಯಾನಿನ ಮೇಲಿನ ಮೆಟ್ಟಿಲು, ಶೋಕಿ. ಬೇಕಾದವರು ಹತ್ತಲಿ, ಬೇಡದವರು ಬಿಡಲಿ. ಪ್ಯಾರಿಸ್ಸಿನಲ್ಲಿ ಆ ಕೆಳಗಿನ ಮೆಟ್ಟಿಲೇ ಇಲ್ಲ. ಎಸಿ ಬೇಡ ಅಂದರೆ ಉಳಿಯುವುದು ಕಿಟಕಿ ಒಂದೇ. ಕಿಟಕಿ ತೆರೆದರೆ ಬೀದಿಯ ಗದ್ದಲ, ಮುಚ್ಚಿದರೆ ಬೆವರು. 38 ಡಿಗ್ರಿಯ ರಾಯಚೂರಿನಲ್ಲಿ ಗೊರಕೆ ಹೊಡೆದವನು ಅಲ್ಲಿ ಬೆಳಗಿನ ತನಕ ಹೊರಳಾಡಿದೆ.

ಕಟ್ಟಡದ್ದೂ ಒಂದು ಪಾಲಿದೆ. ನಮ್ಮ ಹಳೇ ಮನೆಗೆ ಕಲ್ಲು ಮಣ್ಣಿನ ದಪ್ಪ ಗೋಡೆ, ಚಿಕ್ಕ ಕಿಟಕಿ. ಬೇಸಿಗೆಯ ರಾತ್ರಿ ಅಂಗಳಕ್ಕೆ ನೀರು ಹೊಡೆದು ಹೊರಸು ಹಾಕಿ ಮಲಗುತ್ತಿದ್ದೆವು. ಮನೆ ಕಾದಿದ್ದರೆ ಮನೆ ಬಿಟ್ಟು ಹೊರಗೆ ಬಂದರಾಯಿತು. ಪ್ಯಾರಿಸ್ಸಿನ ಹಳೇ ಕಟ್ಟಡಗಳ ಚಿಂತೆ ಚಳಿಗಾಲದ್ದು. ಮೇಲೆ ಸತುವಿನ ತಗಡಿನ ಚಾವಣಿ. ಆ ಚಾವಣಿ ಹೊದಿಸುವ ಕೆಲಸಗಾರರ ಕೈಚಳಕವನ್ನು ಯುನೆಸ್ಕೋ 2024ರಲ್ಲಿ ತನ್ನ ಪರಂಪರೆ ಪಟ್ಟಿಗೂ ಸೇರಿಸಿಕೊಂಡಿದೆ. ದೂರದಿಂದ ನೋಡಲು ಬೂದು ಬಣ್ಣದ ಚೆಂದವೋ ಚೆಂದ. ಅದರ ಕೆಳಗೆ ಮಲಗಿದರೆ ದೋಸೆ ಕಾವಲಿ. ಜೂನ್ ಕೊನೆಯಲ್ಲಿ ಅಲ್ಲಿ ಹೊತ್ತು ಮುಳುಗುವುದೇ ರಾತ್ರಿ ಹತ್ತರ ಹತ್ತಿರ. ತಗಡು ತಣ್ಣಗಾಗುವುದು ಯಾವಾಗ, ನಾವು ಮಲಗುವುದು ಯಾವಾಗ?

2003ರ ಆಗಸ್ಟಿನ ಸೆಕೆಯಲ್ಲಿ ಫ್ರಾನ್ಸ್ ಒಂದರಲ್ಲೇ ಸುಮಾರು 15,000 ಮಂದಿ ಸತ್ತರು. ಹೆಚ್ಚಿನವರು ವಯಸ್ಸಾದವರು. ರಾತ್ರಿಯೂ ಮೈ ತಣಿಯಲಿಲ್ಲ ಅನ್ನುವುದು ಅದಕ್ಕೊಂದು ದೊಡ್ಡ ಕಾರಣ. ಇದನ್ನು ಓದಿದ್ದು ನಾನು ಪ್ಯಾರಿಸ್ಸಿನಿಂದ ಬಂದ ಮೇಲೆ. ಎಪ್ಪತ್ತು ದಾಟಿದ ಅವ್ವನನ್ನು 120 ಯೂರೋ ಉಳಿಸಲು ಆ ತಗಡಿನ ಕೆಳಗೆ ಮಲಗಿಸಿದ್ದೆ ಅಂತ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ಇಲ್ಲಿನವರು ಎಸಿ ಅಂದರೆ ಮೂಗು ಮುರಿಯುತ್ತಾರೆ, ಅದೂ ನಿಜ. ಕರೆಂಟು ದಂಡ, ಗಂಟಲು ಕೆರೆತ, ಹೊರಗೋಡೆ ಅಂದಗೆಡುತ್ತದೆ, ಅನುಮತಿ ಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಆಟಗಾರರ ವಸತಿಯನ್ನೂ ಎಸಿ ಇಲ್ಲದೆ ಕಟ್ಟಿದ್ದರು. ನೆಲದಡಿ ತಣ್ಣೀರಿನ ಕೊಳವೆ ಹಾಯಿಸಿದ್ದೇವೆ, ಸಾಕು ಅಂದರು. ಆಮೇಲೆ ಒಂದೊಂದೇ ದೇಶದವರು ತಳ್ಳುಗಾಲಿಯ ಎಸಿ ತರಿಸಿಕೊಂಡರು. ನಮ್ಮ ಸರ್ಕಾರವೂ ನಮ್ಮ ಆಟಗಾರರಿಗೆ 40 ಎಸಿ ಕಳಿಸಿತು. ಆ ಸುದ್ದಿ ಬಂದ ದಿನ ಅವ್ವ ರಾಯಚೂರಿನಿಂದ ಫೋನ್ ಮಾಡಿ, "ನೋಡು, ಅವರಿಗೂ ಫ್ಯಾನ್ ಸಿಕ್ಕಿಲ್ಲ" ಅಂದಳು.

ಆದರೆ ಸೆಕೆಯನ್ನು ಹೊರಗೇ ತಡೆಯುವ ಇವರ ವಿದ್ಯೆಯನ್ನು ನಾನು ಮೆಚ್ಚುತ್ತೇನೆ. ನಮ್ಮ ಪಕ್ಕದ ಮನೆಯ ಜರ್ಮನ್ ಅಜ್ಜಿ ಬೆಳಗ್ಗೆ ಐದಕ್ಕೇ ಎಲ್ಲಾ ಕಿಟಕಿ ಹಾರು ಹೊಡೆದು ಇಡುತ್ತಾರೆ. ಎಂಟು ಗಂಟೆಗೆ ಗಾಜು ಮುಚ್ಚಿ, ಹೊರಗಿನ ರೋಲಿಂಗ್ ಪರದೆ ಇಳಿಸಿಬಿಟ್ಟರೆ ಸಂಜೆವರೆಗೂ ಮನೆ ಕತ್ತಲೆ. ನಾನು ಮಧ್ಯಾಹ್ನ ಗಾಳಿ ಬರಲಿ ಅಂತ ಕಿಟಕಿ ತೆಗೆದಿದ್ದಕ್ಕೆ ಒಮ್ಮೆ ಮೆಟ್ಟಿಲ ಮೇಲೇ ಬೈಸಿಕೊಂಡಿದ್ದೇನೆ. ಅವ್ವನಿಗೆ ಮಾತ್ರ ಇದನ್ನು ಹೇಳಿಕೊಡಬೇಕಾಗಲಿಲ್ಲ. ರಾಯಚೂರಿನಲ್ಲಿ ಅವಳು ಮಾಡುವುದೂ ಅದನ್ನೇ. ಸ್ಪೇನಿನ ಸೆವಿಲ್ಯದವರು ಇನ್ನೂ ಮುಂದೆ ಹೋಗಿ ಬೇಸಿಗೆಯಲ್ಲಿ ಅಂಗಡಿ ಬೀದಿಗಳ ಮೇಲೇ ಬಟ್ಟೆಯ ಚಪ್ಪರ ಎಳೆಯುತ್ತಾರೆ. ಹೋಟೆಲಿನಲ್ಲಿ ಈ ವಿದ್ಯೆ ನಡೆಯುವುದು ಕಿಟಕಿಗೆ ಹೊರಬಾಗಿಲು ಇದ್ದರೆ ಮಾತ್ರ, ಅಲ್ವಾ? ಹೋಟೆಲಿನ ಫೋಟೋದಲ್ಲಿ ನಾನು ಮೊದಲು ನೋಡುವುದು ಅದನ್ನೇ. ಮಂಚ ಎಲ್ಲಾ ಕಡೆ ಮಂಚವೇ.

ಹಗಲಿನ ಸೆಕೆಗೆ ನಾನು ಕೋಣೆಯನ್ನು ನೆಚ್ಚುವುದಿಲ್ಲ. ಊರು ನೋಡಲು ಬಂದವರು ಹಗಲು ಕೋಣೆಯಲ್ಲಿ ಯಾಕಿರಬೇಕು? ಪ್ಯಾರಿಸ್ಸಿನಲ್ಲಿ ಸೇನ್ ನದಿಯ ನೆರವಿನಿಂದ ತಣಿಸಿದ ನೀರು ನೆಲದಡಿಯ ಕೊಳವೆಗಳಲ್ಲಿ ಹರಿದು ಲೂವ್ರ್ ಸಂಗ್ರಹಾಲಯವನ್ನು ತಂಪಾಗಿಡುತ್ತದೆ. ಆ ಫ್ಯಾನಿಲ್ಲದ ರಾತ್ರಿಯ ಮರುದಿನ ಮಧ್ಯಾಹ್ನವೆಲ್ಲಾ ನಾವು ಅಲ್ಲೇ ಇದ್ದೆವು. ಅವ್ವನಿಗೆ ಚಿತ್ರಗಳಿಗಿಂತ ಅಲ್ಲಿನ ಬೆಂಚು ಇಷ್ಟವಾಯಿತು.

ಹಾಗಾಗಿ ಬೆಂಗಳೂರಿನಿಂದ ಯಾರಾದರೂ ಫೋನ್ ಮಾಡಿ "ಯುರೋಪಿಗೆ ಎಸಿ ಯಾಕೆ ಬೇಕು?" ಅಂದರೆ ನಾನು ತಿರುಗಿ ಕೇಳುವುದು ಯಾವ ಊರು, ಯಾವ ತಿಂಗಳು, ಎಷ್ಟನೇ ಮಹಡಿ ಅಂತ. ಜೂನ್ ನಡುವಿನಿಂದ ಆಗಸ್ಟ್ ಕೊನೆವರೆಗೆ ಪ್ಯಾರಿಸ್, ಮಿಲಾನ್, ರೋಮ್, ಮ್ಯಾಡ್ರಿಡ್ ಆದರೆ ಎಸಿ ಕೋಣೆಯನ್ನೇ ಹಿಡಿಯಿರಿ. ಜೊತೆಗೆ ಹಿರಿಯರೋ ಕೂಸೋ ಇದ್ದರೆ ಎರಡು ಮಾತೇ ಬೇಡ. ಒಂದು ಊಟ ಕಡಿಮೆ ಮಾಡಿದರೂ ಸರಿ. ಮತ್ತೆ ಎಸಿ ಇರುವುದು ಕೋಣೆಯಲ್ಲೋ, ಬರೀ ಕೆಳಗಿನ ಹಾಲ್‌ನಲ್ಲೋ ಅಂತ ಬರೆದು ಕೇಳಿ. ಇದರಲ್ಲಿ ಮೋಸ ಹೋದವರು ನನಗೆ ಗೊತ್ತು.

ಸಿಕ್ಕಿದ ಎಸಿಯನ್ನು 18ಕ್ಕೆ ಇಟ್ಟು ಕಂಬಳಿ ಹೊದ್ದುಕೊಳ್ಳುವ ನಮ್ಮವರ ಚಟ ಮಾತ್ರ ನನಗೆ ಅರ್ಥವಾಗಿಲ್ಲ. 2020ರಿಂದ ಭಾರತದಲ್ಲಿ ಕೋಣೆಯ ಎಸಿಗಳು ಆನ್ ಮಾಡಿದಾಗ ಶುರುವಾಗುವುದೇ 24 ಡಿಗ್ರಿಯಲ್ಲಿ. ಸ್ಪೇನ್ 2022ರ ಬೇಸಿಗೆಯಲ್ಲಿ ಅಂಗಡಿ, ಕಚೇರಿಗಳಿಗೆ 27ಕ್ಕಿಂತ ಕೆಳಗಿಳಿಸಬೇಡಿ ಅಂತ ಕಟ್ಟಪ್ಪಣೆ ಮಾಡಿತ್ತು. ಪ್ಯಾರಿಸ್ ಆದ ಮೇಲೆ ಒಮ್ಮೆ ಮಿಲಾನ್‌ನಲ್ಲಿ ನಾನು ಎಸಿ ಕೋಣೆ ಹಿಡಿದು ಹೆಮ್ಮೆಯಿಂದ 22ಕ್ಕೆ ಇಟ್ಟರೆ, ಅವ್ವ ಶಾಲು ಹೊದ್ದು "ಆರಿಸಪಾ, ಮೊಣಕಾಲು ಹಿಡೀಲಿಕತ್ತಾವ" ಅಂದಳು. 26ಕ್ಕೆ ಏರಿಸಿದೆ. ಇಬ್ಬರೂ ಮಲಗಿದೆವು.

ಉತ್ತರದ ಊರುಗಳಿಗೆ ಹೋಗುವಾಗ ಈಗಲೂ ಎಸಿ ಹುಡುಕುವುದಿಲ್ಲ. ಹೋಟೆಲಿಗೆ ಒಂದೇ ಸಾಲು ಬರೆಯುತ್ತೇನೆ: ಕೋಣೆಯಲ್ಲಿ ಫ್ಯಾನ್ ಇದೆಯಾ? ಹೆಚ್ಚಿನವರು ಉತ್ತರಿಸುವುದಿಲ್ಲ. ಹೋದ ವರ್ಷ ಹ್ಯಾಂಬರ್ಗ್‌ನ ಒಬ್ಬರು ಮಂಚದ ಮೇಲೆ ಟೇಬಲ್ ಫ್ಯಾನ್ ಇಟ್ಟು ಫೋಟೋ ತೆಗೆದು ಕಳಿಸಿದ್ದರು, ವಯರು ಸುತ್ತಿಟ್ಟಿದ್ದು ಸಮೇತ. ಆ ಕೋಣೆಯನ್ನೇ ಹಿಡಿದು, ಫೋಟೋವನ್ನು ಅವ್ವನ ವಾಟ್ಸಾಪಿಗೆ ಕಳಿಸಿದೆ.